ಕೂಡಿಟ್ಟ ನಾಲ್ಕು ಗ್ಯಾಲನ್

ನಮ್ಮ ಮಾವನವರಿಗೆ ಮೋಟಾರು ಹೊಡೀಲಿಕ್ಕೆ ಬರ್ತಿತ್ತು, ಬಂದ್ ಮಾಡ್ಲಿಕ್ಕೆ ಬರ್ತಿದ್ದಿಲ್ಲ. ಬೆಳಿಗ್ಗೆ ಯಂಕೋಬ ಗಾಡಿ ಚಾಲೂ ಮಾಡಿ ಬಾಗಲ ಮುಂದ ನಿಲ್ಲಸ್ಬೇಕು. ಇವರು ಒಳಗ ಕೂತು ಅವಲಕ್ಕಿ ತಿಂದು, ಮಜ್ಜಿಗಿ ಕುಡದು, ರುಮಾಲು ಸುತ್ತಿಗೊಂಡು ಹೊರಗ ಬರೋತನಕ ಇಂಜಿನ್ ಗುರ್ ಅಂತಿರಬೇಕು. ದೇವದುರ್ಗದಾಗ ಖಾಸಗಿ ಮೋಟಾರು ಇದ್ದದ್ದೇ ಎರಡು. ಅದರಾಗೊಂದು ವಕೀಲ ಶೇಷಗಿರಿರಾಯರದು ಅಂತ ಓಣಿ ಮಂದಿಗೆ ದಿನಾ ಗೊತ್ತಾಗಬೇಕಲ್ಲ!

ಯಂಕೋಬ ನಮ್ಮ ಡ್ರೈವರ್, ಅರಕೇರಾದವ. ಮಾತು ಕಮ್ಮಿ. "ಸಾಹೇಬ್ರ, ನಿಂತ ಗಾಡೀನೂ ಎಣ್ಣಿ ಕುಡೀತದ್ರಿ" ಅಂತ ಒಮ್ಮೆ ಅಂದಿದ್ದ. "ಎಣ್ಣಿ ನಿಮ್ಮಪ್ಪಂದೇನು?" ಅಂದಿದ್ರು ಮಾವನವರು. ಅಲ್ಲಿಗೆ ಆ ಮಾತು ಮುಗಿದಿತ್ತು.

ಅದು ಲಡಾಯಿ ಕಾಲ, ನಲ್ವತ್ತನಾಲ್ಕನೇ ಇಸ್ವಿ. ಪೆಟ್ರೋಲಿಗೆ ಕೂಪನ್ ಆಗಿತ್ತು. ತಿಂಗಳಿಗೆ ಎಂಟು ಗ್ಯಾಲನ್, ಅದನ್ನೂ ರಾಯಚೂರಿಗೇ ಹೋಗಿ ಹಾಕಿಸ್ಕೊಂಡು ಬರಬೇಕು. ಹೋಗಿ ಬರೋದಕ್ಕೇ ನಾಲ್ಕು ಗ್ಯಾಲನ್ ಹೋಗ್ತಿತ್ತು. ಉಳಿದ ನಾಲ್ಕರಾಗ ಅದಾಲತ್ತು, ಊರಾಡೋದು, ಏಕಾದಶಿಗೊಮ್ಮೆ ನಮ್ಮತ್ತಿ ವೆಂಕೂಬಾಯಿಯವರ ಕೃಷ್ಣಾ ಸ್ನಾನ. ಇಪ್ಪತ್ತನೇ ತಾರೀಖಿಗೆ ಟಾಕಿ ತಳಾ ಕಾಣ್ತಿತ್ತು.

ಇದೆಲ್ಲಾ ನನಗೇನು ಸಂಬಂಧ ಅಂದ್ರ, ಸಂಬಂಧ ಇತ್ತು. ನನ್ನ ಮೊದಲನೇ ಬಾಣಂತನ ಮಾನ್ವಿಯಾಗ, ತವರುಮನ್ಯಾಗ. ಎರಡು ದಿನ ತ್ರಾಸು ತಿಂದೆ, ಕೂಸು ಸತ್ತೇ ಹುಟ್ಟಿತು. ಎರಡನೇದಕ್ಕ ನಾಲ್ಕು ತಿಂಗಳು ತುಂಬಿದಾಗ, ಚೈತ್ರದಾಗ, ನನ್ನ ರಾಯಚೂರಿಗೆ ಕರಕೊಂಡು ಹೋಗಿ ಡಾಕ್ಟರ್ ಬಾಯಿಗೆ ತೋರಿಸಿದ್ರು. ಆಕಿ ನನ್ನ ಮುಂದೇ ಅಂದ್ಲು: "ಇವರ ಸೊಂಟದ ಎಲುಬು ಸಣ್ಣದು. ಬ್ಯಾನಿ ಸುರುವಾದ ಕೂಡಲೇ ಇಲ್ಲಿಗೆ ತರ್ರಿ, ಕೊಯ್ದು ತಗೀಬೇಕಾಗ್ತದ. ತಡಾ ಆದ್ರ ಈ ಕೂಸೂ ಉಳಿಯೂದಿಲ್ಲ."

ಮರುದಿನ ಮಧ್ಯಾಹ್ನ ಅಪ್ಪ ಮಗ ಊಟಕ್ಕ ಕೂತಿದ್ರು. ನಮ್ಮವರು ವಾದಿರಾಜ, ಅಲ್ಲೇ ಸಾಲಿ ಮಾಸ್ತರು. ಅಪ್ಪನ ಮುಂದ ಬಾಯಿ ಬಿಡೋ ಪೈಕಿ ಅಲ್ಲ. ಅವತ್ತು ಬಿಟ್ರು.

"ಅಪ್ಪಾ, ಒಂಬತ್ತು ತುಂಬೋ ಮೊದಲು ಇಕೀನ್ನ ರಾಯಚೂರಾಗೇ ಇಡೋಣು. ಆದ್ರ ಅದಕ್ಕಿಂತ ಮುಂಚೇನೇ ಬ್ಯಾನಿ ಬಂದು, ಗಾಡ್ಯಾಗ ಎಣ್ಣಿ ಇಲ್ಲಂದ್ರ?"

"ಬಸ್ಸು ಅದ."

"ಇದ್ದಲಿ ಉರಿಸಿ ಓಡೋ ಬಸ್ಸು ಅದು! ದಿನಕ್ಕ ಒಂದು. ಬಂದ್ರ ಬಂತು, ಇಲ್ಲಂದ್ರ ಇಲ್ಲ. ದಿಬ್ಬ ಬಂದ್ರ ಮಂದಿ ಇಳದು ನೂಕ್ತಾರ."

"ಏನು ಮಾಡು ಅಂತೀ?"

"ನಾಲ್ಕು ಗ್ಯಾಲನ್ ಕೂಡಿಸಿ ಇಡಬೇಕು. ಯಾರೂ ಮುಟ್ಟಬಾರದು."

ಮಾವನವರು ನನ್ನ ಕಡೆ ನೋಡಿ, "ಹುಳಿ ಹಾಕು" ಅಂದ್ರು. ಹಾಕಿದೆ.

ಒಲಿ ಮುಂದ ಕೂತಿದ್ದ ಅತ್ತಿ ಅಲ್ಲಿಂದ್ಲೇ ಅಂದ್ರು: "ಅವಾ ಹೇಳೋದು ಖರೆ ಅದ. ನಾಕು ಹೆಜ್ಜಿ ಅದಾಲತ್ತಿಗೆ ನಿಮಗ ಮೋಟಾರು ಯಾಕ ಬೇಕು?"

"ನಿನಗ ಹೊಳಿಗೆ ಹೋಗಿ ಮುಳುಗು ಹಾಕ್ಲಿಕ್ಕೆ ಮೋಟಾರು ಯಾಕ ಬೇಕು?"

"ಬಿಟ್ಟೆ! ಇವತ್ತಿಂದ ಬಿಟ್ಟೆ. ಮನ್ಯಾಗಿನ ಬಾವಿ ನೀರೇ ನನಗ ಕೃಷ್ಣಿ. ಈಗ ನೀವು ಬಿಡ್ರಿ, ನೋಡೋಣು."

ಹೆಂಡತಿ ಮುಂದ ಸೋಲೋದು ಯಾವ ವಕೀಲರಿಗೆ ಸೇರ್ತದ? ಮರುದಿನ ಮಾವನವರು ಅದಾಲತ್ತಿಗೆ ನಡಕೋತ ಹೋದ್ರು. ಸಂಜಿಗೆ ಯಂಕೋಬನ್ನ ಹಿತ್ತಲ ಬಾಗಲಿಗೆ ಕರಸಿ, "ಏನೋ, ಎಣ್ಣಿ ಉಳಿಸ್ಲಿಕ್ಕೆ ಏನೇನು ಮಾಡಬೇಕು, ಹೇಳು ನಿನ್ನ ವಿದ್ಯಾ" ಅಂದ್ರು.

ಯಂಕೋಬ ಹೊಸ್ತಿಲ ಹೊರಗ ನಿಂತು ನೆಲಾ ನೋಡಕೋತ ಹೇಳಿದ. "ವಿದ್ಯಾ ಏನಿಲ್ರಿ. ನಿಂತಾಗ ಬಂದ್ ಮಾಡಬೇಕು. ಹೊಂಡೋವಾಗ ಒಮ್ಮೆಲೇ ಕಾಲು ಒತ್ತಬಾರದು. ಮುಂದ ಬಂಡಿ ಕಂಡ್ರ ದೂರದಿಂದ್ಲೇ ಕಾಲು ತಗದ್ರ ಗಾಡಿ ತಾನೇ ಸಾವಕಾಶ ಆಗ್ತದ. ನೀವು ಬಂಡಿ ಮುಟ್ಟೋತನಕ ಓಡಿಸಿ ಬ್ರೇಕ್ ಒತ್ತೀರಿ. ಸುಟ್ಟ ಎಣ್ಣಿ ಎಲ್ಲಾ ಮಣ್ಣುಪಾಲು."

"ನಾ ಓಡಸೋದೇ ತಪ್ಪಂತೀ."

"ತಪ್ಪಲ್ರಿ. ಜೋರು ಅಂತೀನಿ."

ಒಳಗ ಅತ್ತಿ ನಕ್ಕದ್ದು ನನಗ ಕೇಳಿಸ್ತು.

"ಮತ್ತ?" ಅಂದ್ರು ಮಾವನವರು.

"ಗಾಲ್ಯಾಗ ಗಾಳಿ ವಾರಕ್ಕೊಮ್ಮೆ ತುಂಬಬೇಕು. ಇಂಜಿನ್ನಿನ ಪ್ಲಗ್ಗು ತಗದು ಮಸಿ ಒರಸಬೇಕು. ಹಿಂದಿನ ಸೀಟಿನಾಗ ನಿಮ್ಮ ಹಳೇ ಕೇಸಿನ ಕಾಗದ, ಮಿಸಲು ಎರಡು ಗೋಣಿಚೀಲ ಅದಾವ, ಅವನ್ನ ಇಳಸ್ರಿ. ಕಾರ್ಬೋರೇಟರ್ ಒಮ್ಮೆ ರಾಯಚೂರಾಗ ಕುತುಬುದ್ದೀನ್ ಮಿಸ್ತ್ರಿ ಕಡೆ ಬಿಚ್ಚಿ ತೊಳಸಬೇಕು. ಇಷ್ಟು ಮಾಡಿದ್ರ ತಿಂಗಳಿಗೆ ಒಂದೂವರಿ ಗ್ಯಾಲನ್ ಉಳಿಸಿ ಕೊಡ್ತೀನ್ರಿ."

ಉಳಿಸಿ ಕೊಟ್ಟ. ನಮ್ಮವರು ಬೆಳಿಗ್ಗೆ ಸಾಲಿಗೆ ಹೋಗೋ ಮೊದಲು ಧೋತರ ಮ್ಯಾಲೆ ಕಟ್ಟಿ ಗಾಲಿಗೆ ಪಂಪು ಹೊಡೀತಿದ್ರು. ಹುಡುಗರು ನೋಡಿ ನಗ್ತಿದ್ವು. ಯಂಕೋಬ ಬಿದಿರ ಕಡ್ಡಿ ಟಾಕ್ಯಾಗ ಇಳಸಿ ಎಷ್ಟು ಬೆರಳು ಎಣ್ಣಿ ಅದ ನೋಡಿ, ಉಳದದ್ದನ್ನ ರಬ್ಬರ್ ನಳಗಿಲೇ ಜಗ್ಗಿ ಸಣ್ಣ ಕ್ಯಾನಿನಾಗ ತುಂಬಿ ಹಿತ್ತಲ ಬಾಗಲಿಗೆ ತರ್ತಿದ್ದ. ಗಾಡ್ಯಾಗೇ ಯಾಕ ಬಿಡಬಾರದು ಅಂತ ನಾ ಕೇಳಿದ್ದಕ್ಕ, "ಬಿಟ್ರ ಸಾಹೇಬ್ರು ಮುಗಸ್ತಾರ್ರಿ ಸಣ್ಣವ್ವಾರ" ಅಂದ.

ಹಿತ್ತಲ ಖೋಲ್ಯಾಗ ನಾಲ್ಕು ಗ್ಯಾಲನ್ನಿನ ಡಬ್ಬಿ ಇಟ್ವಿ. ಖೋಲಿ ಕೀಲಿ ಅತ್ತಿಯವರ ಸೊಂಟದಾಗ. ಅದು ಅವರ ಕೊಡ, ಹಂಡೆ, ಬಿಂದಿಗಿ ಇಡೋ ಖೋಲಿ, ಮಡಿ ಜಾಗಾ. ಯಂಕೋಬ ಒಳಗ ಕಾಲಿಡೋ ಹಂಗಿದ್ದಿಲ್ಲ. ಅವ ಹೊಸ್ತಿಲ ಹೊರಗ ಕ್ಯಾನು ಇಡ್ತಿದ್ದ, ನಾ ಅದನ್ನ ಒಯ್ದು ಕತ್ತಲಾಗ ತಡವರಿಸಿ ಡಬ್ಬಿಗೆ ಸುರೀತಿದ್ದೆ. ಮೊದಲನೇ ದಿನ ಒಂದು ಮೆತ್ತನ ಚರ್ಮದ ತುಂಡು ಕೊಟ್ಟಿದ್ದ. "ಲಾಳಕಿ ಮ್ಯಾಲೆ ಇದನ್ನ ಹಾಕಿ ಸುರೀರಿ. ಎಣ್ಣಿ ಇಳೀತದ, ನೀರಿದ್ರ ಮ್ಯಾಲೇ ನಿಲ್ತದ."

"ಅಯ್ಯ! ಚರ್ಮ ನನ್ನ ಕೊಡದ ಖೋಲ್ಯಾಗ?" ಅಂದ್ರು ಅತ್ತಿ. "ದೇವರ ನೀರು ಇಡೋ ಜಾಗಾ ಅದು. ಎಣ್ಣಿ ಇಟ್ಟದ್ದೇ ಹೆಚ್ಚಾತು."

ಚರ್ಮ ಹೊಸ್ತಿಲದಾಚೀನೇ ಉಳೀತು. ನಾನು ಹಳೇ ಧೋತರದ ತುಂಡು ಹಾಕಿ ಸುರದೆ.

ಯಂಕೋಬ ಮಾತ್ರ ಪ್ರತಿ ಸಲ ಹೊರಗಿನಿಂದ ಒಂದೇ ಮಾತು ಕೇಳ್ತಿದ್ದ: "ಡಬ್ಬಿ ಒಣಗಿದ್ದು ಅದ ಅಲ್ರಿ?"

"ಹೌದು" ಅಂತಿದ್ದೆ.

ಜ್ಯೇಷ್ಠಮಾಸಕ್ಕ ಎರಡೂಕಾಲು ಗ್ಯಾಲನ್ ಕೂಡಿತ್ತು. ಅವಾಗ ಮಾನ್ವಿಯಾಗ ಮಾವನವರದೊಂದು ಕೇಸು ಬಂತು. ಆ ತಿಂಗಳು ರಾಯಚೂರ ಪಂಪಿನಾಗ ಸ್ಟಾಕು ಇದ್ದಿದ್ದಿಲ್ಲ.

"ಕೀಲಿ ಕೊಡು" ಅಂತ ಮಾವನವರು ಅತ್ತಿಯವರಿಗೆ ಅಂದ್ರು.

"ಕೊಡೂದಿಲ್ಲ."

"ಕಕ್ಷಿಗಾರರಿಗೆ ಮಾತು ಕೊಟ್ಟೀನಿ. ಇನ್ನೂ ಎರಡು ತಿಂಗಳದ ಆಕೀಗೆ. ಮತ್ತ ಕೂಡತದ."

"ಸೊಸಿ ಬಸರಿ ಅಂತ ನಾ ಹೊಳಿ ಬಿಟ್ಟೆ. ನೀವು ಒಂದು ಕೇಸು ಬಿಡವಲ್ರಿ!"

"ಕೇಸು ಬಿಟ್ರ ಒಲಿ ಮ್ಯಾಲೆ ಏನು ಇಡ್ತೀ?"

ಅತ್ತಿ ಕೀಲಿ ಬಿಚ್ಚಿ ನೆಲಕ್ಕ ಒಗದ್ರು. ಅವತ್ತು ಅವರು ಊಟ ಮಾಡ್ಲಿಲ್ಲ, ಅವರಿಗಾಗಿ ನಾನೂ ಕಾದು ಕೂತೆ. ಸಂಜಿಗೆ ಡಬ್ಬಿ ಬರಿದಾಗಿ ಖೋಲಿಗೆ ಬಂತು. ಮುಂದಿನ ವಾರದಿಂದ ಯಂಕೋಬ ಮತ್ತ ಕ್ಯಾನು ತರ್ಲಿಕ್ಕತ್ತಿದ. ಮಾವನವರಿಗೂ ಒಳಗ ಚುಚ್ಚಿತ್ತೇನೋ, ಆಷಾಢ ಪೂರಾ ಮೋಟಾರಿಗೆ ಕೈ ಹಚ್ಚಲಿಲ್ಲ. ರಾಯಚೂರಿಗೂ ಯಂಕೋಬನೇ ಓಡಿಸಿದ, ಇವರು ಬಾಜೂಕ ಸುಮ್ಮ ಕೂತು ಹೋದ್ರು. ಹೋಗಿ ಬರೋದು ಮೂರು ಗ್ಯಾಲನ್ನಿನಾಗ ಮುಗೀಲಿಕ್ಕತ್ತು. ಶ್ರಾವಣ ಬರೋದ್ರಾಗ ಡಬ್ಬಿ ಕಂಠಮಟಾ ತುಂಬಿತ್ತು. ನಾ ಅದನ್ನ ಮುಟ್ಟಿ ಮುಟ್ಟಿ ನೋಡ್ತಿದ್ದೆ. ನನಗ ಖುಷಿ ಆಗಿತ್ತು, ಸುಳ್ಳ್ಯಾಕ ಹೇಳ್ಲಿ.

ಇನ್ನೂ ಮೂರು ವಾರ ಇರೋವಾಗ ಒಂದು ಮಂಗಳವಾರ, ಮುಂಜಾನಿ ರೊಟ್ಟಿ ಬಡಿಯೋವಾಗ ಬ್ಯಾನಿ ಸುರುವಾತು. ಯಂಕೋಬ ಊರಾಗ ಇದ್ದಿದ್ದಿಲ್ಲ. ಅವನ ತಾಯಿಗೆ ಜ್ವರ ಅಂತ ಮಾವನವರೇ ಎರಡು ದಿನ ರಜಾ ಕೊಟ್ಟು ಅರಕೇರಾಕ್ಕ ಕಳಿಸಿದ್ರು.

"ನಾ ಹೊಡೀತೀನಿ" ಅಂದ್ರು. ಅಪ್ಪ ಮಗ ಡಬ್ಬಿ ಎತ್ತಿ ಗಾಡ್ಯಾಗ ಇಟ್ರು. ಟಾಕ್ಯಾಗ ಎರಡು ಬೆರಳು ಎಣ್ಣಿ ಇತ್ತು. ಅದು ಮುಗಿಯೋತನಕ ಹೋಗಿ, ಆಮ್ಯಾಲೆ ಡಬ್ಬಿ ಸುರಿಯೋದು ಅಂತ ಆತು. ಹಿಂದಿನ ಸೀಟಿನಾಗ ನಾನು, ಅತ್ತಿ. ಮಾವನವರು ಅವತ್ತು ಎಷ್ಟು ಚೆಂದ ಹೊಡದ್ರು! ಬಂಡಿ ಕಂಡ್ರ ದೂರದಿಂದ್ಲೇ ಕಾಲು ತಗೀತಿದ್ರು. ಒಂದು ಸಲಾನೂ ಗಕ್ಕನ ಬ್ರೇಕ್ ಒತ್ತಲಿಲ್ಲ. ಯಂಕೋಬ ಹೇಳಿದ್ದು ಒಂದೂ ಮರತಿದ್ದಿಲ್ಲ.

ಗಬ್ಬೂರು ದಾಟಿ ಸ್ವಲ್ಪ ದೂರಕ್ಕ ಟಾಕಿ ಬರಿದಾತು. ಡಬ್ಬಿ ಬೋರಲು ಹಾಕಿ ಪೂರಾ ಸುರದ್ರು. ಗಾಡಿ ಚಾಲೂ ಆತು. ಎರಡು ಫರ್ಲಾಂಗು ಹೋಗಿರಬೇಕು, ಕೆಮ್ಮಿತು. ಮತ್ತ ಕೆಮ್ಮಿ ನಿಂತ್ಬಿಡ್ತು.

ಹ್ಯಾಂಡಲ್ ಹಾಕಿ ತಿರುವಿದ್ರು. ಮಾವನವರು ತಿರುವಿದ್ರು, ನಮ್ಮವರು ತಿರುವಿದ್ರು. ಮಾವನವರ ಅಂಗೈ ಹರದು ರಕ್ತ ಬಂತು. ಎಲ್ಲಿ ಏನು ಬಿಚ್ಚಬೇಕು ಇಬ್ಬರಿಗೂ ತಿಳೀದು. ಒಂದು ತಾಸು ಆತು, ಎರಡಾತು. ಅತ್ತಿ ನನ್ನ ತಲಿ ತೊಡಿ ಮ್ಯಾಲೆ ಇಟ್ಟುಗೊಂಡು ಗುರುರಾಯರನ್ನ ಕರೀತಿದ್ರು. ಕಡಿಗೆ ಹೊಲದ ಕಡೆ ಹೊಂಟಿದ್ದ ಸಿದ್ದರಾಮಪ್ಪ ಅನ್ನೋ ರೈತ ತನ್ನ ಬಂಡಿ ಖಾಲಿ ಮಾಡಿ, ಜ್ವಾಳದ ಕಣಿಕಿ ಹಾಸಿ ನನ್ನ ಮಲಗಿಸಿದ. ಕಲ್ಮಲಾ ದಾಟಿ ರಾಯಚೂರು ಮುಟ್ಟೋದ್ರಾಗ ದೀಪ ಹಚ್ಚಿದ್ರು.

ಡಾಕ್ಟರ್ ಬಾಯಿ ನನ್ನ ಉಳಿಸಿದ್ಲು. ಗಂಡು ಕೂಸು. ತೂಕದ ಕೂಸು ಅಂತ ನರ್ಸು ಅಂದ್ಲು. ಮಧ್ಯಾಹ್ನದೊಳಗ ತಂದಿದ್ರ ಉಳೀತಿತ್ತು ಅಂತ ಡಾಕ್ಟರ್ ಬಾಯಿ ಹೊರಗ ಮಾವನವರಿಗೆ ಹೇಳಿದ್ದು ಒಳಗ ನನಗ ಕೇಳಿಸ್ತು. ನನಗ ಅಳು ಬರ್ಲಿಲ್ಲ. ಎದಿ ಹಾಲು ಬಂತು. ಅದನ್ನ ಅರವಿ ಕಟ್ಟಿ ಬತ್ತಿಸಿದ್ರು.

ಮೂರನೇ ದಿನ ಕುತುಬುದ್ದೀನ್ ಮಿಸ್ತ್ರಿ ಎತ್ತು ಕಟ್ಟಿ ಗಾಡಿ ರಾಯಚೂರಿಗೆ ಎಳಸಿ ತಂದ. ಟಾಕಿ ಕೆಳಗ ಬಿಚ್ಚಿ ಒಂದು ಬಾಟ್ಲಿ ಹಿಡದು ತಂದು ತೋರಿಸಿದ. "ವಕೀಲ್ ಸಾಬ್, ನಿಮ್ಮ ಎಣ್ಣ್ಯಾಗ ನೀರು ಅದ. ಮುಕ್ಕಾಲು ಬಾಟ್ಲಿ."

ನಾಲ್ಕು ತಿಂಗಳು ಎಣ್ಣಿ ತುಂಬಿ ಕೊಟ್ಟವ ಯಾರು? ಯಂಕೋಬ. ಕರೀ ಬಜಾರದಾಗ ಗ್ಯಾಲನ್ನಿಗೆ ಎಂಥಾ ರೇಟು ಇತ್ತು ಅನ್ನೋದು ಊರಿಗೇ ಗೊತ್ತು. ಮಾವನವರಿಗೆ ಅಷ್ಟು ಸಾಕಾತು. ದೇವದುರ್ಗಕ್ಕ ಹೋದವರೇ ಅವನ್ನ ಬಜಾರದಾಗ ಹಿಡದು ನಿಲ್ಲಿಸಿ, "ಕಳ್ಳ ಸೂಳೇಮಗನ, ಎಣ್ಣಿ ಮಾರಿಕೊಂಡು ನೀರು ತುಂಬಿದೆಲ್ಲೋ! ನನ್ನ ಮೊಮ್ಮಗನ್ನ ತಿಂದೆಲ್ಲೋ!" ಅಂತ ಕೆರ ತಗೊಂಡು ಹೊಡದ್ರಂತ. ಅವ ಹೊಡಸ್ಕೊಂಡು ನಿಂತಿದ್ನಂತ, ಒಂದು ಮಾತು ಆಡ್ಲಿಲ್ಲಂತ. ನಮ್ಮವರು ಬಂದು ಹೇಳಿದ್ರು. ನಾ ಹೂಂ ಅಂದೆ.

ಆಸ್ಪತ್ರೆಯಿಂದ ಮಾನ್ವಿಗೆ ಒಯ್ದರು. ನಮ್ಮವ್ವ ಸತ್ಯಭಾಮಾಬಾಯಿ ಸಜ್ಜಿಗಿ ಕಾಸಿ ಕೊಟ್ರ ಕುಡದೆ. ನೀರು ಹಾಕಿದ್ರ ಹಾಕಿಸ್ಕೊಂಡೆ.

"ಅತ್ತುಬಿಡ ನಮ್ಮವ್ವಾ, ಹಗುರಾಗ್ತದ."

"ಬರವಲ್ದು."

"ಆ ಡ್ರೈವರ್ ಸತ್ಯಾನಾಶ ಆಗ್ಲಿ."

"ಸಜ್ಜಿಗೀಗೆ ಉಪ್ಪು ಕಮ್ಮಿ ಅದ" ಅಂದೆ.

ಎರಡು ತಿಂಗಳಾದ ಮ್ಯಾಲೆ ದೇವದುರ್ಗಕ್ಕ ಬಂದೆ. ಮನ್ಯಾಗ ಎಲ್ಲಾರೂ ಸಾವಕಾಶ ಮಾತಾಡ್ತಿದ್ರು. ಮೋಟಾರು ಕೊಟ್ಟಿಗ್ಯಾಗ ಗೋಣಿತಟ್ಟು ಹೊಚಗೊಂಡು ನಿಂತಿತ್ತು. ಮಾವನವರು ಕಂಡ ಕಂಡಲ್ಲೆ ನಡಕೋತ ಹೋಗ್ತಿದ್ರು. ಯಂಕೋಬನ ಹೆಣ್ತಿ ಮಾನಮ್ಮ ಒಮ್ಮೆ ಬಾಗಲಿಗೆ ಬಂದಿದ್ಲಂತ. ಊರಾಗ ಯಾರೂ ಕೆಲಸ ಕೊಡವಲ್ರು, ಅವ ಸಿರವಾರ ದಾರ್‍ಯಾಗ ಜಲ್ಲಿ ಒಡ್ಯಾಕತ್ಯಾನ ಅಂತ ಅತ್ತಿದ್ಲಂತ. ಮಾವನವರು ಬೈದು ಕಳಿಸಿದ್ರಂತ.

ಒಂದು ಮುಂಜಾನಿ ಅತ್ತಿ ಖೋಲಿ ಬಾಗಲಾ ತಗದು ಸಾರಸ್ತಿದ್ರು. ನಾ ಹೊಸ್ತಿಲದಾಗ ಕೂತಿದ್ದೆ. ಸಾರಿಸಿ ಆದ ಮ್ಯಾಲೆ ಚೊಂಬಿನಾಗ ನೀರು ತಗೊಂಡು ಒಂದೊಂದೇ ಬರಿ ಕೊಡದ ತಳಕ್ಕ ಇಷ್ಟಿಷ್ಟು ಹಾಕ್ಕೋತ ಬಂದ್ರು. ಅದು ಅವರ ಪದ್ಧತಿ, ಮದುವ್ಯಾಗಿ ಬಂದಾಗಿಂದ ನೋಡಿದ್ದೆ. ಬರಿ ಕೊಡ ಮನ್ಯಾಗ ಇಡಬಾರದು, ಮನಿ ಬರಿದಾಗ್ತದ ಅಂತ. ಮೂಲ್ಯಾಗ, ಗಾಡಿ ಜೋಡಿ ವಾಪಸ್ ಬಂದಿದ್ದ ಎಣ್ಣಿ ಡಬ್ಬಿ ಇತ್ತು. ಅದರ ಮುಚ್ಚಳಾ ತಗದು ಅದಕ್ಕೂ ಅರ್ಧ ಚೊಂಬು ಹಾಕಿದ್ರು.

ನಾ ಹೊಸ್ತಿಲದಿಂದ ಎದ್ದು ನಿಂತೆ.

"ಅತ್ಯಾ, ಅದಕ್ಕ ಯಾಕ ಹಾಕಿದ್ರಿ?"

"ಬರಿದ ಇತ್ತಲ್ಲ."

"ಮೊದಲೂ ಹಾಕಿದ್ರ್ಯಾ? ಮಾವನವರು ಮಾನ್ವಿಗೆ ಹೋಗಿ ಬಂದಾಗ?"

"ಹೂಂ ಮತ್ತ. ಬಸರಿ ಹೆಂಗಸು ಇರೋ ಮನ್ಯಾಗ ಬರಿ ಡಬ್ಬಿ ಇಡಬೇಕೇನು..." ಅಂದವರು ಅಲ್ಲಿಗೇ ನಿಂತ್ರು. ಚೊಂಬು ಕೈಯಾಗೇ ಇತ್ತು. ನನ್ನ ಮಾರಿ ನೋಡಿದ್ರು, ಡಬ್ಬಿ ನೋಡಿದ್ರು. ಆಮ್ಯಾಲೆ ಸಾರಿಸಿದ ಹಸಿ ನೆಲದ ಮ್ಯಾಲೇ ಕೂತುಬಿಟ್ರು.

ಆ ಮಧ್ಯಾಹ್ನ ಮಾವನವರು, ನಮ್ಮವರು ಊಟಕ್ಕ ಕೂತಾಗ ನಾನೇ ಹೇಳಿದೆ. ಮಾವನವರ ಎದುರಿಗೆ ನಿಂತು ಅಷ್ಟು ಮಾತು ಆಡಿದ್ದು ಅದೇ ಮೊದಲು. ಅವರು ಅನ್ನ ಕಲಸೋದು ಬಿಟ್ರು.

"ಯಾರ ಮುಂದರ ಹೇಳಿಯೇನು?"

"ಇಲ್ಲ."

"ಹೇಳಬ್ಯಾಡ. ಕೂಸಂತೂ ಹೋತು. ಈ ವಯಸ್ಸಿನಾಗ ನಿಮ್ಮತ್ತಿ ಮ್ಯಾಲೆ ಯಾಕ ಅಪವಾದ?"

"ಮತ್ತ ಅವನ ಮ್ಯಾಲೆ ಇದ್ದದ್ದು?" ಅಂದ್ರು ನಮ್ಮವರು.

"ಕರಸ್ತೀನಿ. ಕೆಲಸ ಕೊಡ್ತೀನಿ. ಮುಗೀತಲ್ಲ!"

ಒಲಿ ಮುಂದ ಕೂತಿದ್ದ ಅತ್ತಿ ಉರಿಯೋ ಕಟ್ಟಿಗಿ ಹಿಂದಕ್ಕ ಎಳದ್ರು.

ನಾಲ್ಕು ದಿನಕ್ಕ ಯಂಕೋಬ ಬಂದ. ಹಿತ್ತಲ ಬಾಗಲಿಗೇ, ಅದೇ ಹೊಸ್ತಿಲ ಹೊರಗ. ಬೆರಳಿಗೆಲ್ಲಾ ಅರವಿ ಸುತ್ತಿಗೊಂಡಿದ್ದ, ಕಲ್ಲಿನ ಕೆಲಸ ಅಲ್ಲೇನು. ಮಾವನವರು ಗ್ವಾಡಿ ನೋಡಕೋತ ಅಂದ್ರು: "ತಿಳೀದೇ ಆಗಿತ್ತು. ನಾಳಿಂದ ಕೆಲಸಕ್ಕ ಬಾ."

"ಬಜಾರದಾಗ ಕಳ್ಳ ಅಂದ್ರಿ ಸಾಹೇಬ್ರ, ಹಿತ್ತಲದಾಗ ಬಾ ಅಂತೀರಿ."

"ಇನ್ನೇನು ಡಂಗುರ ಹೊಡೀಲೇನು?"

"ನಾ ಏನೂ ಕೇಳಾಕತ್ತಿಲ್ರಿ. ಕರದ್ರಿ, ಬಂದೀನಿ."

ಅವಾಗ ಅತ್ತಿ ಖೋಲಿಯಿಂದ ಹೊರಗ ಬಂದ್ರು. ಮಡಿ ಸೀರಿ ಉಟ್ಟಿದ್ರು, ಕೈಯಾಗ ಆ ಡಬ್ಬಿ. ಯಾರ ಕಡೀಗೂ ನೋಡದ ನಡುಮನಿ ದಾಟಿ, ಪಡಸಾಲಿ ದಾಟಿ, ಮುಂಬಾಗಲ ಕಟ್ಟಿಗೆ ಹೋದ್ರು. ಅಲ್ಲೆ ಎಂಟ್ಹತ್ತು ಮಂದಿ ಕಕ್ಷಿಗಾರರು ಕೂತಿದ್ರು. ಮೂವತ್ತು ವರ್ಷದಾಗ ಅತ್ತಿ ಆ ಕಟ್ಟಿಗೆ ಒಮ್ಮೆಯೂ ಬಂದಿದ್ದಿಲ್ಲ. ಮಂದಿ ಗಾಬರ್‍ಯಾಗಿ ಎದ್ದು ನಿಂತ್ರು.

"ಕೇಳ್ರಪ್ಪಾ," ಅಂದ್ರು. "ಯಂಕೋಬ ಎಣ್ಣಿ ಕದ್ದಿಲ್ಲ. ಈ ಡಬ್ಬಿಗೆ ನೀರು ಹಾಕಿದಾಕಿ ನಾನು. ನನ್ನ ಮೊಮ್ಮಗ ಸತ್ತದ್ದು ನನ್ನ ಕೈಲೇ. ಹೋಗಿ ಬಜಾರದಾಗ ಹೇಳ್ರಿ." ಅಂದು ಡಬ್ಬಿ ಬೋರಲು ಮಾಡಿದ್ರು. ಅರ್ಧ ಚೊಂಬು ನೀರು ಮೆಟ್ಟಲಾ ಇಳದು ಬೀದಿಗೆ ಹೋತು.

ಮಾವನವರು ಓಡಿ ಹೋಗಿ ಅವರ ತೋಳು ಹಿಡದು ಒಳಗ ಕರಕೊಂಡು ಬಂದ್ರು. ಹಿತ್ತಲದಾಗ ನಾನು, ಯಂಕೋಬ ಇಬ್ಬರೇ ಉಳದ್ವಿ. ನನ್ನ ಎದ್ಯಾಗ ಒಂದು ಮಾತು ಇತ್ತು. ಅದನ್ನ ಯಾರೂ ಕೇಳಿದ್ದಿಲ್ಲ. ಅತ್ತಿ ನೀರು ಹಾಕಿದ್ದು ಖರೆ, ಆದ್ರ ವಾರವಾರ ಎಣ್ಣಿ ಸುರಿದಾಕಿ ನಾನು.

"ಯಂಕೋಬ," ಅಂದೆ. "ಡಬ್ಬಿ ಒಣಗಿದ್ದು ಅದ ಅಲ್ರಿ ಅಂತ ನೀ ಪ್ರತಿ ಸಲ ಕೇಳ್ತಿದ್ದಿ. ನಾ ಹೌದು ಅಂತಿದ್ದೆ. ಒಂದು ಸಲಾನೂ ಬಗ್ಗಿ ನೋಡಿರಲಿಲ್ಲ."

"ಗೊತ್ತದ್ರಿ ಸಣ್ಣವ್ವಾರ."

"ಯಾವಾಗಿಂದ?"

"ಟಾಕ್ಯಾಗ ನೀರು ಬಂತು ಅಂದ ದಿನಾನೇ ತಿಳೀತ್ರಿ."

"ಮತ್ತ ಬಜಾರದಾಗ ಯಾಕ ಹೇಳಲಿಲ್ಲ? ಹೇಳಿದ್ರ ಹೊಡಸ್ಕೋತಿದ್ದಿಲ್ಲಲ್ಲ!"

ಅವ ಬೆರಳಿನ ಅರವಿ ಬಿಗಿ ಮಾಡ್ಕೊಂಡ. "ಹೇಳಿದ್ರ ನಿಮ್ಮ ಹೆಸರು ಹೇಳಬೇಕಾಗ್ತಿತ್ರಿ. ನೀವು ಇನ್ನೂ ದವಾಖಾನ್ಯಾಗ ಇದ್ರಿ. ಕೂಸು ಕಳಕೊಂಡಾಕಿ ಮ್ಯಾಲೆ ಅದನ್ನೂ ಹ್ಯಾಂಗ ಹಾಕ್ಲಿ ಅಂತ ಸುಮ್ಮನಾದೆ."

ನನಗ ಅವತ್ತು ಅಳು ಬಂತು. ಎರಡು ತಿಂಗಳದ ಅಳು ಎಲ್ಲಾ ಬಂತು. ಅವ ಅಲ್ಲೇ ನಿಂತಿದ್ದ, ಒಳಗೂ ಬರ್ಲಿಲ್ಲ, ಹೊರಗೂ ಹೋಗ್ಲಿಲ್ಲ. ನಾ ಅಳೋದು ನಿಲ್ಲಿಸಿದ ಮ್ಯಾಲೆ, "ಬರ್ತೀನ್ರಿ, ಬಿಸಲಾಗೋದ್ರೊಳಗ ಜಲ್ಲಿ ಕೆಲಸಕ್ಕ ಮುಟ್ಟಬೇಕು" ಅಂದು, ಕೆರ ಮೆಟ್ಟಿಗೊಂಡು ಸಿರವಾರ ದಾರಿ ಹಿಡದ.